ಬಣ್ಣದ ಗುಂಡೂ ಕ್ರೀಡಾಪಟುವಿನ ಲಕ್ಷಣವೂ

ವಿಚಾರಕ್ಕೆ ಮೂರು ಮೆಟ್ಟಿಲುಗಳುಂಟೆಂದು ತಾರ್ಕಿಕರು ಹೇಳಿರುವರು. ಮೊದಲು ಉದ್ದೇಶ, ಅಂದರೆ ವಸ್ತುವಿನ ಹೆಸರನ್ನು ಹೇಳುವುದು. ಬಳಿಕ ಲಕ್ಷಣ, ಅಂದರೆ ಅದನ್ನು ಮಿಕ್ಕ ವಸ್ತುಗಳಿಂದ ಬೇರ್ಪಡಿಸುವ ಗುರುತನ್ನು ಹೇಳುವುದು. ಕಡೆಗೆ ಪರೀಕ್ಷೆ, ಅಂದರೆ ಆ ಗುರುತು ಸರಿಯೋ ತಪ್ಪೋ ಎಂದು ಒರೆಗೆ ಹಚ್ಚುವುದು. ಲೋಕದಲ್ಲಿ ನಡೆಯುವ ಎಷ್ಟೋ ವಾದಗಳಲ್ಲಿ ಜನರು ಮೊದಲನೆಯ ಮೆಟ್ಟಿಲಿನಿಂದ ಮೂರನೆಯದಕ್ಕೆ ನೆಗೆದು ನಡುವಣದನ್ನು ಮರೆತುಬಿಡುವರು. ಪೇಂಟ್‌ಬಾಲ್ ಎಂಬ ಬಣ್ಣದ ಗುಂಡಿನ ಆಟವನ್ನಾಡುವವರು ನಿಜವಾದ ಕ್ರೀಡಾಪಟುಗಳು ಹೌದೋ ಅಲ್ಲವೋ ಎಂಬ ವಾದ ಈ ಜಾತಿಗೆ ಸೇರಿದ್ದು. ಹೌದೆನ್ನುವವರು ಬೆವರನ್ನು ತೋರಿಸುತ್ತಾರೆ, ಅಲ್ಲವೆನ್ನುವವರು ಬಂದೂಕನ್ನು ತೋರಿಸುತ್ತಾರೆ. ಕ್ರೀಡಾಪಟುವೆಂದರೆ ಯಾರು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಇದು ಬರಿಯ ಮಾತಿನ ಜಗಳವೆಂದು ತಳ್ಳಿಹಾಕತಕ್ಕದ್ದಲ್ಲ. ಕ್ರೀಡಾಪಟುವೆಂಬುದು ಗೌರವದ ಬಿರುದು. ಹತ್ತು ವರ್ಷ ಮೈಮುರಿದು ಅಭ್ಯಾಸ ಮಾಡಿದ ತರುಣನಿಗೆ ಅದನ್ನು ಕೊಡದೆ, ಅವನ ಸಾಧನೆಯನ್ನು ಹುಡುಗಾಟವೆಂದು ಕಡೆಗಣಿಸಿದರೆ ಅನ್ಯಾಯ; ಒಂದು ರಜಾದಿನ ಗೆಳೆಯರೊಡನೆ ಬಣ್ಣ ಹಾರಿಸಿ ಬಂದವನಿಗೂ ಅದನ್ನೇ ಕೊಟ್ಟರೆ ಮತ್ತೊಂದು ಬಗೆಯ ಅನ್ಯಾಯ.

ಆಟದ ಹುಟ್ಟು ಅಮೆರಿಕ ದೇಶದಲ್ಲಿ. ಅಲ್ಲಿನ ಅರಣ್ಯಗಳಲ್ಲಿ ಮರಗಳಿಗೂ ಹುಲ್ಲುಗಾವಲುಗಳಲ್ಲಿ ದನಗಳಿಗೂ ದೂರದಿಂದಲೇ ಗುರುತು ಹಾಕುವುದಕ್ಕೆಂದು ಬಣ್ಣದ ಗುಂಡನ್ನು ಹಾರಿಸುವ ಪಿಸ್ತೂಲೊಂದು ಬಳಕೆಯಲ್ಲಿದ್ದಿತು. ಇಂದಿಗೂ ಆಟಗಾರರು ತಮ್ಮ ಕೈಯ ಉಪಕರಣವನ್ನು ಬಂದೂಕೆನ್ನದೆ ಮಾರ್ಕರ್, ಎಂದರೆ ಗುರುತು ಹಾಕುವಂಥದು, ಎಂದೇ ಕರೆಯುವರು. ಹೇಸ್ ನೋಯಲ್ ಎಂಬ ಷೇರುದಲ್ಲಾಳಿಗೂ ಚಾರ್ಲ್ಸ್ ಗೇನ್ಸ್ ಎಂಬ ಲೇಖಕನಿಗೂ ನಡುವೆ ಒಂದು ವಾದ ಹುಟ್ಟಿತು: ಕಾಡಿನಲ್ಲಿ ಬಿಟ್ಟುಬಂದರೆ ಪಟ್ಟಣದ ಚತುರನು ಬದುಕಿ ಬಂದಾನೋ, ಕಾಡುಮೇಡುಗಳನ್ನು ಬಲ್ಲವನು ಬದುಕಿ ಬಂದಾನೋ? ವಾದವನ್ನು ಮಾತಿನಲ್ಲಿ ತೀರಿಸಲಾರದೆ, ಅವರು ಮತ್ತೆ ಕೆಲವರನ್ನು ಕೂಡಿಸಿಕೊಂಡು, 1981ನೆಯ ಇಸವಿ ಜೂನ್ 27ರಂದು ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಹೆನಿಕರ್ ಎಂಬ ಊರಿನ ಬಳಿಯ ಕಾಡಿಗೆ ಇಳಿದರು. ಹನ್ನೆರಡು ಮಂದಿ, ಪಕ್ಷಗಳಿಲ್ಲ, ಪ್ರತಿಯೊಬ್ಬನೂ ತನಗೆ ತಾನೇ. ಅಲ್ಲಲ್ಲಿ ಇರಿಸಿದ್ದ ಬಾವುಟಗಳನ್ನು, ಮೈಗೆ ಬಣ್ಣ ತಾಗಿಸಿಕೊಳ್ಳದೆ, ಸಂಗ್ರಹಿಸಿ ಹೊರಗೆ ಬಂದವನೇ ಗೆದ್ದವನು. ಗೆದ್ದವನು ಕಾಡಿನ ವೃತ್ತಿಯವನೊಬ್ಬ. ಅವನು ಆ ದಿನವೆಲ್ಲ ಒಂದೇ ಒಂದು ಗುಂಡನ್ನೂ ಹಾರಿಸಲಿಲ್ಲ. ಇದನ್ನು ಗುಂಡು ಹಾರಿಸುವ ಆಟವೆಂದು ಹಳಿಯುವವರು ಮೊದಲ ಆಟವೇ ಹೀಗೆ ಮುಗಿಯಿತೆಂಬುದನ್ನು ಅರಿತಿರುವುದಿಲ್ಲ.

ಇನ್ನೊಂದು ಸ್ವಾರಸ್ಯವುಂಟು. ಈ ಗೇನ್ಸನೇ 1974ರಲ್ಲಿ ಜಾರ್ಜ್ ಬಟ್ಲರ್ ಎಂಬ ಛಾಯಾಚಿತ್ರಕಾರನೊಡನೆ ಕೂಡಿ, ಅಂಗಸಾಧನೆಯಿಂದ ಮೈ ಹುರಿಗೊಳಿಸುವವರನ್ನು ಕುರಿತು 'ಪಂಪಿಂಗ್ ಐರನ್' ಎಂಬ ಗ್ರಂಥವನ್ನು ಹೊರತಂದಿದ್ದನು. ಅವರ ವಿಷಯದಲ್ಲಿಯೂ ಜನರಿಗೆ ಇದೇ ಸಂದೇಹ. ಅಲ್ಲಿ ದೇಹವುಂಟು, ಆಟವೆಲ್ಲಿ ಎಂದರು. ಇಲ್ಲಿ ಆಟವುಂಟು, ದೇಹವೆಲ್ಲಿ ಎನ್ನುತ್ತಾರೆ.

ಈಗ ಪಂದ್ಯಗಳಲ್ಲಿ ನಡೆಯುವ ಆಟ ಕಾಡಿನದಲ್ಲ. ಸುಮಾರು 150 ಅಡಿ ಉದ್ದದ ಬಯಲು. ಅದರ ಎರಡು ಅರ್ಧಗಳಲ್ಲಿಯೂ ಒಂದೇ ಕ್ರಮದಲ್ಲಿ ನಿಲ್ಲಿಸಿದ, ಗಾಳಿ ತುಂಬಿದ ಮರೆಗಳು. ಎರಡು ಕಡೆಯಿಂದಲೂ ಹೆಚ್ಚಾಗಿ ಐದೈದು ಮಂದಿ. ಗುಂಡೆಂಬುದು ಜೆಲಟಿನ್ನಿನ ತೆಳುಸಿಪ್ಪೆಯೊಳಗೆ ಬಣ್ಣ ತುಂಬಿದ, ಅಂಗುಲದ ಮೂರರಲ್ಲೆರಡು ಪಾಲು ದಪ್ಪದ ಗೋಲಿ. ಅದನ್ನು ತಳ್ಳುವುದು ಮದ್ದಲ್ಲ, ಒತ್ತಿ ತುಂಬಿದ ಗಾಳಿ. ವೇಗವು ಸೆಕೆಂಡಿಗೆ ಸುಮಾರು 300 ಅಡಿಯನ್ನು ಮೀರಕೂಡದು. ಕಣ್ಣು ಕಾಯುವ ಮುಖಗವಸಿಲ್ಲದೆ ಯಾರೂ ಬಯಲಿಗೆ ಇಳಿಯುವಂತಿಲ್ಲ. ಗುಂಡು ತಾಗಿ ಒಡೆದು ಬಣ್ಣ ಹತ್ತಿದರೆ ಆಟಗಾರನು ಹೊರಕ್ಕೆ. ಒಡೆಯದೆ ಪುಟಿದುಹೋದರೆ ಲೆಕ್ಕವಿಲ್ಲ. ಓಕುಳಿಯಲ್ಲಿ ಬಣ್ಣ ಬಿದ್ದವನು ಆಟದೊಳಗೆ ಬಂದನೆಂದರ್ಥ. ಇಲ್ಲಿ ಬಣ್ಣ ಬಿದ್ದವನಿಗೆ ಆಟ ಮುಗಿಯಿತು.

ಇನ್ನು ಲಕ್ಷಣ. ದೇಹಶ್ರಮವೇ ಕ್ರೀಡಾಪಟುವಿನ ಲಕ್ಷಣವೆಂದು ಹಲವರು ಹೇಳುವರು. ಇದಕ್ಕೆ ಅತಿವ್ಯಾಪ್ತಿಯೂ ಉಂಟು, ಅವ್ಯಾಪ್ತಿಯೂ ಉಂಟು. ಮಂಡಿಯಲ್ಲಿ ದಿನಕ್ಕೆ ನೂರು ಮೂಟೆ ಹೊರುವ ಹಮಾಲಿಯ ಶ್ರಮ ಯಾವ ಓಟಗಾರನ ಶ್ರಮಕ್ಕೆ ಕಡಿಮೆ? ಆದರೂ ಅವನನ್ನು ಕ್ರೀಡಾಪಟುವೆನ್ನುವವರಿಲ್ಲ. ಇದು ಅತಿವ್ಯಾಪ್ತಿ. 2008ರಲ್ಲಿ ಬೀಜಿಂಗಿನ ಒಲಿಂಪಿಕ್ಸಿನಲ್ಲಿ ಹತ್ತು ಮೀಟರ್ ಏರ್ ರೈಫಲಿನಲ್ಲಿ ಚಿನ್ನದ ಪದಕವನ್ನು ಪಡೆದ ಅಭಿನವ್ ಬಿಂದ್ರಾ ಓಡಲಿಲ್ಲ, ಹಾರಲಿಲ್ಲ; ಅಲುಗದೆ ನಿಲ್ಲುವುದೇ ಅವರ ಸಾಧನೆ. ಅವರ ಗುಂಡನ್ನು ತಳ್ಳಿದುದೂ ಗಾಳಿಯೇ. ಬಿಲಿಯರ್ಡ್ಸ್ ಮೇಜಿನ ಮುಂದೆ ಬಗ್ಗಿ ನಿಂತು ಜಗತ್ತನ್ನು ಗೆದ್ದ ಬೆಂಗಳೂರಿನ ಪಂಕಜ್ ಆಡ್ವಾಣಿಯವರಿಗೆ ಭಾರತ ಸರ್ಕಾರವು ಕ್ರೀಡಾರಂಗದ ಪರಮ ಪುರಸ್ಕಾರವಾದ ಖೇಲ್ ರತ್ನವನ್ನಿತ್ತಿತು. ಚದುರಂಗದ ವಿಶ್ವನಾಥನ್ ಆನಂದರಂತೂ ಆ ಪುರಸ್ಕಾರವನ್ನು ಪಡೆದವರಲ್ಲಿ ಮೊದಲಿಗರು. ಬೆವರೇ ಲಕ್ಷಣವಾದರೆ ಇವರೆಲ್ಲ ಹೊರಗುಳಿಯಬೇಕಾಗುತ್ತದೆ, ಇದು ಅವ್ಯಾಪ್ತಿ.

ಒಲಿಂಪಿಕ್ಸಿನಲ್ಲಿ ಸೇರಿದ ಆಟವನ್ನಾಡುವವನೇ ಕ್ರೀಡಾಪಟುವೆಂಬ ಮಾತೊಂದುಂಟು. ಪೇಂಟ್‌ಬಾಲ್ ಅಲ್ಲಿ ಸೇರಿಲ್ಲವೆಂಬುದು ನಿಜ. ಆದರೆ 1900ರಿಂದ 1920ರವರೆಗೆ ಹಗ್ಗಜಗ್ಗಾಟ ಅಲ್ಲಿ ಇದ್ದಿತು; ಆಮೇಲೆ ಇಲ್ಲವಾಯಿತು. 1920ರ ಮಾರನೆಯ ದಿನ ಹಗ್ಗ ಹಿಡಿದವರ ತೋಳು ಬತ್ತಿಹೋಯಿತೆ? 1912ರಿಂದ 1948ರವರೆಗೆ ಅದೇ ಒಲಿಂಪಿಕ್ಸಿನಲ್ಲಿ ಚಿತ್ರ, ಶಿಲ್ಪ, ಸಾಹಿತ್ಯಗಳಿಗೂ ಪದಕಗಳಿದ್ದವು. 1924ರಲ್ಲಿ ಐರ್ಲೆಂಡಿನ ಜ್ಯಾಕ್ ಯೇಟ್ಸ್ ಒಂದು ಚಿತ್ರಕ್ಕಾಗಿ ಬೆಳ್ಳಿಯ ಪದಕವನ್ನು ಪಡೆದನು. ಬಣ್ಣಕ್ಕೆ ಅಲ್ಲಿ ಒಮ್ಮೆ ಸ್ಥಾನವಿದ್ದಿತೆಂದು ಪೇಂಟ್‌ಬಾಲಿನವರು ಬೇಕಾದರೆ ಸಮಾಧಾನ ಪಡಬಹುದು! ಪಟ್ಟಿಗಳು ಕಾಲಕ್ಕೆ ತಕ್ಕಂತೆ ಬದಲಾಗುವುವು. ಲಕ್ಷಣ ಹಾಗೆ ಬದಲಾಗತಕ್ಕದ್ದಲ್ಲ.

ಮಾತುಗಳನ್ನೇ ವಿಚಾರಿಸಿ ನೋಡಿದರೆ ದಾರಿ ಸ್ವಲ್ಪ ತೋರುತ್ತದೆ. ಇಂಗ್ಲಿಷಿನವರ ಅಥ್ಲೀಟ್ ಎಂಬ ಮಾತು ಗ್ರೀಕರದು. ಅದರ ಮೂಲದಲ್ಲಿ ಬಹುಮಾನಕ್ಕಾಗಿ ಸೆಣಸುವವನೆಂಬ ಅರ್ಥವಿದೆ. ಪಟುವೆಂಬ ಸಂಸ್ಕೃತ ಶಬ್ದಕ್ಕೆ ಚುರುಕಾದವನು, ಸಮರ್ಥನು ಎಂದರ್ಥ. ಒಂದರಲ್ಲಿ ಸೆಣಸು, ಮತ್ತೊಂದರಲ್ಲಿ ಸಾಮರ್ಥ್ಯ. ಎರಡರಲ್ಲಿಯೂ ಬೆವರಿನ ಮಾತಿಲ್ಲ. ಇವೆರಡನ್ನೂ ಕೂಡಿಸಿ, ದೀರ್ಘಾಭ್ಯಾಸದಿಂದ ತನ್ನ ದೇಹವನ್ನೂ ಇಂದ್ರಿಯಗಳನ್ನೂ ವಶಮಾಡಿಕೊಂಡು, ತಾನೇ ಒಪ್ಪಿದ ನಿಯಮದೊಳಗೆ ಸೆಣಸುವವನು ಕ್ರೀಡಾಪಟುವೆಂದರೆ ಹಮಾಲಿಗೆ ಅತಿವ್ಯಾಪ್ತಿಯಾಗದು, ಬಿಂದ್ರಾಗೆ ಅವ್ಯಾಪ್ತಿಯಾಗದು.

ಈ ಒರೆಗಲ್ಲಿಗೆ ಪೇಂಟ್‌ಬಾಲ್ ಆಟಗಾರನನ್ನು ಹಚ್ಚಿ ನೋಡತಕ್ಕದ್ದು. ಪಂದ್ಯದ ಆಟಗಾರನು ಸಂಜ್ಞೆಯಾದೊಡನೆ ಗುಂಡಿನ ಮಳೆಯೊಳಗೆ ಓಡಿ, ನೆಲಕ್ಕೆ ಜಾರಿ, ಮೊಳಕಾಲೂರಿ, ಮೈಯೆಲ್ಲವನ್ನೂ ಮರೆಯ ಹಿಂದೆ ಅಡಗಿಸಿ, ಒಂದು ಕಣ್ಣಿನಷ್ಟನ್ನೇ ಹೊರಗಿಟ್ಟು ಗುರಿಯಿಡಬೇಕು. ಮರೆಯ ಬಲಗಡೆಯಿಂದ ಹೊಡೆಯುವಾಗ ಬಲಗೈ, ಎಡಗಡೆಯಿಂದ ಹೊಡೆಯುವಾಗ ಎಡಗೈ. ಕೈ ಬದಲಾಯಿಸಲರಿಯದವನ ಅರ್ಧ ಮೈ ಹೊರಗೆ ಕಾಣುವುದರಿಂದ ಅವನು ಬಹಳ ಹೊತ್ತು ನಿಲ್ಲಲಾರ. ಎರಡು ಕೈಯಲ್ಲಿಯೂ ಬಾಣ ಬಿಡಬಲ್ಲವನೆಂದು ಅರ್ಜುನನಿಗೆ ಸವ್ಯಸಾಚಿ ಎಂಬ ಹೆಸರಾಯಿತು; ಈ ಆಟದಲ್ಲಿ ಸವ್ಯಸಾಚಿಯಾಗುವುದು ಬಿರುದಲ್ಲ, ಪ್ರಾಥಮಿಕ ಪಾಠ. ಇದರ ನಡುವೆಯೇ ಎದುರಿನವರಲ್ಲಿ ಎಷ್ಟು ಮಂದಿ ಉಳಿದರು, ಯಾರು ಎಲ್ಲಿಗೆ ಸರಿದರು ಎಂಬುದನ್ನು ಲೆಕ್ಕವಿಟ್ಟು ಜೊತೆಗಾರರಿಗೆ ಕೂಗಿ ಹೇಳುತ್ತಿರಬೇಕು. ಆಟದ ಒಂದೊಂದು ಸುತ್ತು ಕೆಲವು ನಿಮಿಷಗಳದು. ದಿನದಲ್ಲಿ ಅಂಥವು ಎಷ್ಟೋ. ಇದು ಅಭ್ಯಾಸವಿಲ್ಲದೆ ಬರತಕ್ಕ ವಿದ್ಯೆಯಲ್ಲ.

ಬೆಂಗಳೂರಿನ ಹೊರವಲಯದ ವಿಹಾರಸ್ಥಳಗಳಿಗೆ ಕಛೇರಿಯವರ ಗುಂಪಿನೊಡನೆ ಹೋಗಿ, ಬಾಡಿಗೆಯ ಮಾರ್ಕರ್ ಹಿಡಿದು ಒಂದು ಗಂಟೆ ನಲಿದು ಬರುವವರ ವಿಷಯ ಬೇರೆ. ಕೆರೆಯಲ್ಲಿ ಮುಳುಗೆದ್ದವರೆಲ್ಲರೂ ಈಜುಗಾರರಲ್ಲ. ಹಾಗೆಂದು ಈಜನ್ನು ತೆಗಳುವವರೂ ಇಲ್ಲ.

ಯಂತ್ರವೇ ಎಲ್ಲವನ್ನೂ ಮಾಡುತ್ತದೆಂಬ ಆಕ್ಷೇಪದಲ್ಲಿ ಸ್ವಲ್ಪ ಸತ್ಯಾಂಶವಿದೆ. ಮೊದಲ ಪಿಸ್ತೂಲಿನಲ್ಲಿ ಒಂದೊಂದು ಗುಂಡಿಗೂ ಕೈಯಿಂದ ಎಳೆದು ಸಿದ್ಧಮಾಡಿಕೊಳ್ಳಬೇಕಾಗಿದ್ದಿತು. ಈಗಿನದು ವಿದ್ಯುತ್ತಿನಿಂದ ನಡೆಯುವಂಥದು. ಬೆರಳು ಒತ್ತಿದುದಕ್ಕಿಂತ ಹೆಚ್ಚು ಗುಂಡುಗಳನ್ನು ಹಾರಿಸುವಂತೆಯೂ ಅದನ್ನು ಹೊಂದಿಸಬಹುದು. ಪಂದ್ಯಗಳ ನಿಯಾಮಕರು ಸೆಕೆಂಡಿಗೆ ಇಷ್ಟೇ ಗುಂಡುಗಳೆಂದು ಮಿತಿ ಹಾಕಬೇಕಾಗಿ ಬಂದುದೇ ಇದಕ್ಕೆ ಸಾಕ್ಷಿ. ಹಳೆಯ ಬಗೆಯ ಕೈ ಎಳೆತದ ಉಪಕರಣದಿಂದಲೇ ಆಡುವವರು ಇಂದಿಗೂ ಇದ್ದಾರೆ. ಅವರ ಹಟ ಮೆಚ್ಚತಕ್ಕದ್ದು.

ಯುದ್ಧದ ಅನುಕರಣವಾದುದರಿಂದ ಇದು ಕ್ರೀಡೆಯೇ ಅಲ್ಲವೆಂಬ ಮತ್ತೊಂದು ಆಕ್ಷೇಪ ಹೆಚ್ಚು ಗೌರವಕ್ಕೆ ಅರ್ಹವಾದುದು. ಆದರೆ ಈಟಿ ಎಸೆಯುವುದು, ಕತ್ತಿವರಸೆ, ಬಿಲ್ಲುಗಾರಿಕೆ ಇವೆಲ್ಲ ಎಲ್ಲಿಂದ ಬಂದವು? ಚಾಲುಕ್ಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳುತ್ತ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲರ ಕಾಳಗವನ್ನು ವಿನೋದಗಳ ಪ್ರಕರಣದಲ್ಲಿ ಎಣಿಸಿ, ಮಲ್ಲರ ಆಹಾರ ವ್ಯಾಯಾಮಗಳನ್ನೂ ಹೇಳಿರುವನು. ಹೊಡೆದಾಟವು ನಿಯಮಕ್ಕೆ ಒಳಪಟ್ಟೊಡನೆ ವಿನೋದವಾಗುವುದೆಂಬುದು ಆ ಅರಸನಿಗೆ ತಿಳಿದಿದ್ದಿತು. ಯುದ್ಧದಲ್ಲಿ ಗುಂಡು ತಾಗಿದವನು ಎದ್ದು ನಡೆಯಲಾರ. ಇಲ್ಲಿ ಅವನು ಎದ್ದು ಕೈಯೆತ್ತಿ ತಾನೇ ನಡೆದು ಹೊರಗೆ ಬರಬೇಕು. ಇದು ಸಣ್ಣ ಭೇದವಲ್ಲ.

ಆಟದ ಮರ್ಮವೆಲ್ಲ ಆ ಕೈಯೆತ್ತುವುದರಲ್ಲಿದೆ. ಓಟದಲ್ಲಿ ಗಡಿಯಾರ ಹೇಳುತ್ತದೆ, ಕುಸ್ತಿಯಲ್ಲಿ ಮಣ್ಣು ಹೇಳುತ್ತದೆ. ಇಲ್ಲಿ ಮರೆಯ ಹಿಂದೆ ಒಬ್ಬನೇ ಕುಳಿತವನ ತೋಳಿನ ಮೇಲೆ ಬಣ್ಣ ಸಿಡಿದುದನ್ನು ಎಷ್ಟೋ ವೇಳೆ ಅವನೊಬ್ಬನೇ ಬಲ್ಲ. ಒಂದು ಕ್ಷಣದಲ್ಲಿ ಅಂಗೈಯಿಂದ ಒರಸಿಕೊಂಡರೆ ಆಟ ಮುಂದುವರಿಯುತ್ತದೆ. ಈ ಒರಸುವುದಕ್ಕೆ ಆಟಗಾರರಲ್ಲಿ ಕಳ್ಳತನದಷ್ಟೇ ಕೆಟ್ಟ ಹೆಸರು. ಸಿಕ್ಕಿಬಿದ್ದರೆ ಅವನೊಡನೆ ಜೊತೆಗಾರರನ್ನೂ ಹೊರಹಾಕುವ ದಂಡ ಪಂದ್ಯಗಳಲ್ಲಿ ರೂಢಿಗೆ ಬಂದಿದೆ. ಒಬ್ಬನ ಸುಳ್ಳಿಗೆ ಪಕ್ಷವೇ ತೆರಬೇಕೆಂಬುದು ಕಠಿನವಾದರೂ ಯುಕ್ತವೇ. ಸುಳ್ಳಿನ ಲಾಭ ಪಕ್ಷಕ್ಕೆ ತಾನೆ ಸೇರುತ್ತಿದ್ದುದು? 1980ರಲ್ಲಿ ಬೊಂಬಾಯಿಯ ಟೆಸ್ಟ್ ಪಂದ್ಯದಲ್ಲಿ ಇಂಗ್ಲೆಂಡಿನ ಬಾಬ್ ಟೇಲರ್ ಔಟೆಂದು ಅಂಪೈರು ತೀರ್ಪಿತ್ತ ಮೇಲೆಯೂ, ಚೆಂಡು ಬ್ಯಾಟಿಗೆ ತಾಗಲಿಲ್ಲವೆಂದು ತಿಳಿದ ಭಾರತದ ನಾಯಕ, ಭದ್ರಾವತಿಯ ಗುಂಡಪ್ಪ ವಿಶ್ವನಾಥ್, ಅವರನ್ನು ಮರಳಿ ಕರೆಸಿದರು. ಭಾರತಕ್ಕೆ ಆ ಪಂದ್ಯದಲ್ಲಿ ಸೋಲಾಯಿತು. ವಿಶ್ವನಾಥರಿಗೆ ಅಂಥ ಸಂದರ್ಭ ಜನ್ಮದಲ್ಲೊಮ್ಮೆ ಬಂದಿತು. ಬಣ್ಣದ ಗುಂಡಿನವನಿಗೆ ಅದು ಸುತ್ತುಸುತ್ತಿಗೂ ಬರುತ್ತದೆ. ಆದುದರಿಂದ ಎರಡು ಕೈಯ ಪಾಟವ ಎಷ್ಟೇ ಇರಲಿ, ಒರಸಿಕೊಂಡು ಗೆದ್ದವನು ನಿಯಮದೊಳಗೆ ಸೆಣಸಲಿಲ್ಲ. ಅವನಿಗೆ ಲಕ್ಷಣ ಹೊಂದುವುದಿಲ್ಲ. ಮಿಕ್ಕವರಿಗೆ ಆ ಹೆಸರನ್ನು ನಿರಾಕರಿಸಲು ಕಾರಣ ಕಾಣದು.

ಬೆನ್ನಿಗೆ ತಾಗಿದ ಗುಂಡಿನದೊಂದು ತೊಡಕು ಉಳಿಯುತ್ತದೆ. ಅದು ಒಡೆಯಿತೋ ಪುಟಿಯಿತೋ ಆಟಗಾರನಿಗೆ ಕಾಣದು. ಅಂಥವನು ತೀರ್ಪುಗಾರನನ್ನು ಕೂಗಿ ಕರೆದು ನೋಡಿಸಬಹುದು. ಕರೆಯದೆ ಆಡುತ್ತ ಹೋದವನ ಮೈಮೇಲೆ ಆಮೇಲೆ ಬಣ್ಣ ಕಂಡರೆ, ಅದು ಎಲ್ಲಿದೆಯೆಂಬುದನ್ನು ತೀರ್ಪುಗಾರನು ನೋಡುತ್ತಾನೆ: ತೋಳಿನ ಮೇಲಿದ್ದರೆ ಇವನು ಕಂಡಿರಲೇಬೇಕು, ಸೊಂಟದ ಹಿಂದೆ ಕಟ್ಟಿದ ಗುಂಡಿನ ಚೀಲದ ಮೇಲಿದ್ದರೆ ಕಂಡಿರಲಾರ. ಚೀಲದ ಮೇಲೆ ಬಿದ್ದ ಏಟಿನ ಸದ್ದು ಕೇಳಿತೋ ಇಲ್ಲವೋ ಎಂದು ಅವನನ್ನು ಕೇಳುವವರು ಯಾರೂ ಇಲ್ಲ.