ಪರಬ್ರಹ್ಮವೆಂಬ ಮಾತು

(ಅಪೊಸ್ತಲರ ಕೃತ್ಯಗಳು 17ನೆಯ ಅಧ್ಯಾಯವನ್ನು ಮೊದಲು ಓದಿಕೊಳ್ಳಿರಿ.)



ನಮ್ಮ ಸಭೆಯ ಒಬ್ಬ ಯೌವನಸ್ಥನು ಸಂತೆಯ ದಿನ ಅರಳೀಕಟ್ಟೆಯ ಮೇಲೆ ಕೂತಿದ್ದ ಒಬ್ಬ ವೃದ್ಧನಿಗೆ, "ಅಜ್ಜಾ, ನೀವು ಕಲ್ಲನ್ನೇ ದೇವರೆಂದು ನಂಬಿದವರು, ದೇವರು ಒಬ್ಬನೇ ಎಂಬುದು ನಿಮಗೆ ಗೊತ್ತಿಲ್ಲ" ಅಂದನು. ಅಜ್ಜನು ಸಿಟ್ಟಾಗದೆ, "ಮಗಾ, ಪರಬ್ರಹ್ಮವೆಂದರೇನೆಂದು ಯಾರನ್ನಾದರೂ ಕೇಳಿದ್ದುಂಟೋ?" ಎಂದು ವಿಚಾರಿಸಿದನು. ಇವನು, "ಕೇಳುವದೇನು? ನಾಲ್ಕು ತಲೆಯವನು, ಹಣೆಯಲ್ಲಿ ಬರೆಯುವವನು" ಅನ್ನಲು, ಕಟ್ಟೆಯ ಮೇಲಿದ್ದವರೆಲ್ಲರೂ ನಕ್ಕರು. ತನಗೆ ಅವಮಾನವಾಯಿತೆಂದು ಅವನು ನನ್ನ ಬಳಿಗೆ ಬಂದು ದುಃಖಪಟ್ಟನು. ಅವಮಾನವಾದದ್ದು ಅಜ್ಜನಿಗೆ ಎಂದು ನಾನು ಹೇಳಬೇಕಾಯಿತು. ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯು ಹೊಲಗದ್ದೆಗಳ ವ್ಯಾಜ್ಯಕ್ಕೆ ಮಾತ್ರವೋ? ಅವನು ನಂಬದೆ ಇರುವದನ್ನು ನಂಬುತ್ತಾನೆಂದು ಹೇಳುವದೂ ಸುಳ್ಳುಸಾಕ್ಷಿಯೇ ಸರಿ.

ಬ್ರಹ್ಮನು ಬೇರೆ, ಬ್ರಹ್ಮವು ಬೇರೆ. ನಾಲ್ಕು ಮುಖವುಳ್ಳವನಾಗಿ ಪುರಾಣಗಳಲ್ಲಿ ಬರುವ ಬ್ರಹ್ಮನು ಸೃಷ್ಟಿಯ ಕೆಲಸ ಮಾಡುವ ಒಬ್ಬ ದೇವತೆ. ಉಪನಿಷತ್ತುಗಳಲ್ಲಿ ಹೇಳಿರುವ ಬ್ರಹ್ಮವೋ, ಅವನೂ ಉಳಿದ ಸಮಸ್ತವೂ ಯಾವದರಿಂದ ಉಂಟಾಯಿತೋ, ಯಾವದರಲ್ಲಿ ನಿಂತಿದೆಯೋ, ಆ ಮೂಲವಾದ ಸತ್ಯವು. ಅದಕ್ಕೆ ಮುಖವಿಲ್ಲ, ಊರಿಲ್ಲ, ಆರಂಭವಿಲ್ಲ. ಯಾಜ್ಞವಲ್ಕ್ಯನೆಂಬ ಋಷಿಯು ಅದನ್ನು ಇಂಥದೆಂದು ತೋರಿಸಲಾರದೆ, ಇದಲ್ಲ, ಇದಲ್ಲ ಎಂದೇ ಹೇಳುತ್ತಾ ಹೋದನು.

ಛಾಂದೋಗ್ಯವೆಂಬ ಉಪನಿಷತ್ತಿನಲ್ಲಿ ಒಂದು ಕಥೆಯುಂಟು. ಅದನ್ನು ನಮ್ಮ ಹೆಂಗಸರೂ ಮಕ್ಕಳೂ ಸುಲಭವಾಗಿ ತಿಳಿದುಕೊಳ್ಳುವರು. ಉದ್ದಾಲಕ ಆರುಣಿಯ ಮಗನಾದ ಶ್ವೇತಕೇತುವು 12ನೆಯ ವಯಸ್ಸಿನಲ್ಲಿ ಗುರುವಿನ ಮನೆಗೆ ಹೋಗಿ, 24ನೆಯ ವಯಸ್ಸಿನಲ್ಲಿ ವೇದಗಳನ್ನೆಲ್ಲಾ ಕಲಿತು ಬಂದನು. ಕಲಿತದ್ದರ ಸಂಗಡ ಗರ್ವವೂ ಬಂದಿತ್ತು. (ಪಟ್ಟಣದ ಶಾಲೆಯಿಂದ ಬರುವ ನಮ್ಮ ಹುಡುಗರನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.) ತಂದೆಯು ಒಂದು ರಾತ್ರಿ ಅವನ ಕೈಯಿಂದ ನೀರಿನಲ್ಲಿ ಉಪ್ಪು ಹಾಕಿಸಿದನು. ಬೆಳಿಗ್ಗೆ, ಆ ಉಪ್ಪನ್ನು ತೆಗೆದುಕೊಂಡು ಬಾ ಅಂದನು. ಹುಡುಗನು ಹುಡುಕಿದರೆ ಉಪ್ಪು ಸಿಕ್ಕಲಿಲ್ಲ. ಮೇಲಿನ ನೀರನ್ನು ರುಚಿನೋಡು ಅಂದನು, ಉಪ್ಪು. ನಡುವಣದು ಉಪ್ಪು, ಅಡಿಯದೂ ಉಪ್ಪು. ಕಣ್ಣಿಗೆ ಕಾಣದಿದ್ದರೂ ಅದು ಎಲ್ಲೆಲ್ಲಿಯೂ ಇದೆಯಲ್ಲವೇ? ಹಾಗೆಯೇ ಆ ಸತ್ಯವು ಸಮಸ್ತದಲ್ಲಿಯೂ ಇದೆ, ನಿನ್ನ ಆತ್ಮವೂ ಅದೇ ಎಂದು ತಂದೆಯು ಬೋಧಿಸಿದನು.

ಈ ಕಡೆಯ ಮಾತಿನ ಅರ್ಥದಲ್ಲಿ ಆಚಾರ್ಯರು ಒಂದೇ ಮನಸ್ಸುಳ್ಳವರಲ್ಲ. ಬ್ರಹ್ಮವೊಂದೇ ಪರಮಾರ್ಥವಾಗಿ ಸತ್ಯ, ಜೀವನು ಅದಕ್ಕಿಂತ ಬೇರೆಯಲ್ಲವೆಂದು ಶಂಕರಾಚಾರ್ಯರು ಹೇಳಿದರು. ಶೃಂಗೇರಿಯ ಮಠವು ಆ ಬೋಧೆಯನ್ನು ಅನುಸರಿಸುವದು. ಮೇಲುಕೋಟೆಯಲ್ಲಿ ಹೆಸರು ಉಳಿಸಿದ ರಾಮಾನುಜಾಚಾರ್ಯರು, ಜೀವರೂ ಜಗತ್ತೂ ಸುಳ್ಳಲ್ಲ, ಅವು ನಾರಾಯಣನಾದ ಬ್ರಹ್ಮಕ್ಕೆ ಶರೀರದಂತಿವೆ ಅಂದರು. 13ನೆಯ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರು, ದೇವರು ಬೇರೆ, ಜೀವನು ಬೇರೆ, ಈ ಭೇದವು ಎಂದಿಗೂ ಅಳಿಯದೆಂದು ಖಂಡಿತವಾಗಿ ಬೋಧಿಸಿದರು. ಹಿಂದೂಗಳೆಲ್ಲರೂ ತಾವೇ ದೇವರೆಂದು ಹೇಳುತ್ತಾರೆಂದು ನಮ್ಮಲ್ಲಿ ಕೆಲವರು ಆಡುವ ಮಾತು ಉಡುಪಿಯಲ್ಲಿ ನಿಲ್ಲಲಾರದು.

ನಿಮ್ಮಲ್ಲಿ ಅನೇಕರ ಹೃದಯದಲ್ಲಿ ಒಂದು ನೋವಿರುವದನ್ನು ನಾನು ಬಲ್ಲೆನು. ನಮ್ಮ ಹಿರಿಯರಿಗೆ ಇದನ್ನು ಯಾರು ಹೇಳಿದರು, ಕೇಳುವ ಅಪ್ಪಣೆಯಾದರೂ ಇತ್ತೋ ಎಂದು ನೀವು ಕೇಳುವಿರಿ. ಇದು ನ್ಯಾಯವಾದ ಪ್ರಶ್ನೆ. ವೇದದ ಮೂಲಕ ಬ್ರಹ್ಮವಿದ್ಯೆಯನ್ನು ಕಲಿಯುವ ಅಧಿಕಾರವು ಶೂದ್ರನಿಗಿಲ್ಲವೆಂದು ಬ್ರಹ್ಮಸೂತ್ರಗಳ ಭಾಷ್ಯದಲ್ಲಿ ಶಂಕರರು ಬರೆದಿದ್ದಾರೆ, ಇತಿಹಾಸ ಪುರಾಣಗಳನ್ನು ಕೇಳಬಹುದೆಂದು ಮಾತ್ರ ಒಪ್ಪಿದ್ದಾರೆ. ಎಲ್ಲೆಲ್ಲಿಯೂ ಇರುವ ಉಪ್ಪನ್ನು ಕೆಲವರು ಮಾತ್ರ ರುಚಿನೋಡಬಹುದೆಂಬದು ನನಗೆ ಒಡಂಬಡುವದಿಲ್ಲ. ಆದರೂ ಅದೇ ಛಾಂದೋಗ್ಯದಲ್ಲಿ, ತನ್ನ ಗೋತ್ರವನ್ನರಿಯದ ಸತ್ಯಕಾಮನೆಂಬ ದಾಸಿಯ ಮಗನು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಕ್ಕಾಗಿ ಗುರುವು ಅವನನ್ನು ಸೇರಿಸಿಕೊಂಡನು. ಇಷ್ಟು ಸತ್ಯವಂತನು ಬ್ರಾಹ್ಮಣನೇ ಆಗಿರಬೇಕೆಂದು ಆ ಗುರು ಎಣಿಸಿದ್ದು ಬೇರೆ ಮಾತು. 400 ಬಡಕಲು ದನಗಳನ್ನು ಅಡವಿಯಲ್ಲಿ ಮೇಯಿಸುತ್ತಿದ್ದ ಆ ಹುಡುಗನಿಗೆ ಬ್ರಹ್ಮದ ಮೊದಲನೆಯ ಪಾಠವನ್ನು ಹೇಳಿದ್ದು ಒಂದು ಹೋರಿ!

ಹಾಗಾದರೆ ನಮಗೂ ಅವರಿಗೂ ಭೇದವಿಲ್ಲವೋ? ಇದೆ. ನೀರಿನಲ್ಲಿ ಕರಗಿದ ಉಪ್ಪು ಯಾರನ್ನೂ ಹುಡುಕಿಕೊಂಡು ಬರುವದಿಲ್ಲ. ನಾವು ನಂಬಿದಾತನು ಕಳೆದುಹೋದ ಕುರಿಗಾಗಿ ಗುಡ್ಡ ಹತ್ತುವನು, ದೂರದಲ್ಲಿದ್ದ ಮಗನನ್ನು ಕಂಡು ಓಡಿಬರುವನು. ಈ ಭೇದವನ್ನು ಮುಚ್ಚಿಡುವದು ಪ್ರೀತಿಯಲ್ಲ. ಆದರೆ ಪೌಲನು ಅಥೇನೆಯಲ್ಲಿ ಏನು ಮಾಡಿದನು? ವಿಗ್ರಹಗಳನ್ನು ಕಂಡು ಮನಸ್ಸು ಕುದಿದರೂ ಅವನು ಊರೆಲ್ಲಾ ನಡೆದು ನೋಡಿದನು, ಬಲಿಪೀಠದ ಮೇಲಿನ ಬರಹವನ್ನು ಓದಿದನು, ಆ ಜನರ ಕವಿಗಳ ಮಾತನ್ನೇ ಎತ್ತಿಕೊಂಡು ಮಾತಾಡಿದನು.

ನಮ್ಮ ಯೌವನಸ್ಥನು ಮುಂದಿನ ಸಂತೆಯಲ್ಲಿ ಅಜ್ಜನ ಬಳಿಗೆ ಹೋಗಿ, "ತಪ್ಪಾಯಿತು ಅಜ್ಜಾ" ಅಂದನು. ಅಜ್ಜನು ಎಲೆಯಡಿಕೆಯ ಸಂಚಿಯನ್ನು ಬಿಚ್ಚಿ ಅವನಿಗೂ ಕೊಟ್ಟು, ಉಪ್ಪಿನ ಕಥೆಯನ್ನು ತನ್ನ ಬಾಯಿಂದಲೇ ಹೇಳಿ, ಅಥೇನೆಯ ಸಂಗತಿಯನ್ನು ಇವನಿಂದ ಕೇಳಿದನು. "ಆ ಊರವರು ಒಪ್ಪಿದರೋ?" ಎಂದು ಅಜ್ಜನು ಕೇಳಲು ಇವನು, "ಕೆಲವರು ನಕ್ಕರು, ಕೆಲವರು ಇನ್ನೊಮ್ಮೆ ಕೇಳುವೆವು ಅಂದರು, ಕೆಲವರು ಮಾತ್ರ ನಂಬಿದರು" ಎಂದು ಹೇಳಿದನು. "ಹಾಗಾದರೆ ನಾನೂ ಇನ್ನೊಮ್ಮೆ ಕೇಳುವೆನು, ಬರುವ ವಾರ ಬಾ" ಅಂದನು ಅಜ್ಜನು.