ಗೋಡೆಯಾಚೆಯ ಪ್ರೀತಿ

ಎಸ್. ಮಹೇಂದರ್ ನಿರ್ದೇಶನದ 'ನಿನಗಾಗಿ' (2002) ಚಿತ್ರ ನಿಮಗೆ ನೆನಪಿರಬಹುದು. ಮಲಯಾಳದ 'ನಿರಂ' ಕಥೆ ತೆಲುಗಿನ ಮೂಲಕ ಕನ್ನಡಕ್ಕೆ ಬಂದದ್ದು. ಅಕ್ಕಪಕ್ಕದ ಮನೆಗಳಲ್ಲಿ ಕೂಡಿ ಬೆಳೆದ ಹುಡುಗ ಹುಡುಗಿ. ಸ್ನೇಹ ಪ್ರೀತಿಯಾದರೂ ಹುಡುಗ ಬಾಯಿಬಿಟ್ಟು ಹೇಳಲಾರ. ಎರಡು ಮನೆಗಳ ನಂಟು ಕೆಟ್ಟೀತೆಂಬ ಭಯ. (ಹಾಡುಗಳು ಹೆಚ್ಚಾದವು, ಇರಲಿ.)

ನಿಡಸೋಸಿಯಂಥ ಊರಿನಲ್ಲಿ ಆ ಭಯ ಬರೀ ಸಿನಿಮಾದ್ದಲ್ಲ. ಪಕ್ಕದ ಮನೆಯವನೊಡನೆ ಮಗಳು ನಾಲ್ಕು ಮಾತಾಡಿದಳೆಂದು ಕಾಲೇಜು ಬಿಡಿಸಿ, 18 ತುಂಬುವ ಮೊದಲೇ ವರ ಹುಡುಕುವವರು ನಮ್ಮ ಕಡೆ ಇದ್ದಾರೆ. ಕಾನೂನೂ ಒಪ್ಪದ ಅವಸರವಿದು.

ಪರಮಗೀತೆಯ ಎರಡನೆಯ ಅಧ್ಯಾಯ ತೆರೆಯಿರಿ. ನಲ್ಲನು ಗೋಡೆಯ ಹಿಂದೆ ನಿಂತು ಕಿಟಕಿಯಿಂದ ಇಣುಕುತ್ತಾನೆ. ಪವಿತ್ರ ಗ್ರಂಥ ಅವನನ್ನು ಓಡಿಸುವುದಿಲ್ಲ. ಕಾಲ ಕೂಡುವ ಮುನ್ನ ಪ್ರೀತಿಯನ್ನು ಎಬ್ಬಿಸಬೇಡಿರೆಂದಷ್ಟೇ ಕೇಳುತ್ತದೆ. ಇಂದು ಸಂಜೆ ಮಗಳ ಎದುರು ಕುಳಿತು, ಸಿಟ್ಟಿಲ್ಲದೆ ಅವಳ ಮಾತು ಕೇಳಿ. ಪುಸ್ತಕದ ಚೀಲ ಅವಳ ಹೆಗಲಲ್ಲೇ ಇರಲಿ.