ಟ್ಯಾಂಕಿನ ಮೇಲಿನ ಚುಕ್ಕೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಹೊರಬಂದ ಜಾವಾ, ಯೆಜ್ಡಿಗಳು ಇವತ್ತಿಗೂ ರಸ್ತೆಯ ಮೇಲಿವೆ. ಅಂಥದೊಂದು ಗಾಡಿಯ ಟ್ಯಾಂಕಿನ ಮೇಲೆ, ಬೀಗದ ಕೈ ತಾಗಿಯೋ ಕಲ್ಲು ಸಿಡಿದೋ, ಕಡಲೆಬೇಳೆಯಷ್ಟು ಬಣ್ಣ ಎದ್ದುಹೋಗಿದೆ ಎಂದಿಟ್ಟುಕೊಳ್ಳಿ.

ಅದನ್ನು ಹಾಗೇ ಬಿಡುವಂತಿಲ್ಲ. ತಗಡು ಬಯಲಾದರೆ ಒಂದು ಮಳೆಗಾಲ ಸಾಕು, ತುಕ್ಕು ಅಕ್ಕಪಕ್ಕದ ಬಣ್ಣದ ಅಡಿಗೆ ನುಸುಳಿ ಅದನ್ನೂ ಎಬ್ಬಿಸುತ್ತದೆ. ತುಕ್ಕು ಕೆರೆದು, ಜಿಡ್ಡು ಒರೆಸಿ, ಪ್ರೈಮರ್ ಹಚ್ಚಿ, ಸಣ್ಣ ಕುಂಚದ ತುದಿಯಿಂದ ಬಣ್ಣವನ್ನು ತೆಳುವಾಗಿ ಮೂರು ನಾಲ್ಕು ಸಲ ತುಂಬಬೇಕು. ಒಣಗಿದಾಗ ಬಣ್ಣ ಕುಗ್ಗುವುದರಿಂದ ಕೊನೆಗೆ ಒಂಚೂರು ಉಬ್ಬಾಗಿಯೇ ಬಿಡುತ್ತಾರೆ. ಗಾಡಿಗೆ ಬೇಕಾದದ್ದು ಇಷ್ಟೇ.

ನಮಗೆ ಅದು ಸಾಲದು. ಬೆರಳಾಡಿಸಿದರೆ ಏನೂ ಸಿಗಬಾರದು. 2000 ನಂಬರಿನ ವಾಟರ್ ಪೇಪರನ್ನು ಸೋಪುನೀರಿನಲ್ಲಿ ಅದ್ದಿ ಉಜ್ಜುತ್ತೇವೆ, ಆಮೇಲೆ ರಬ್ಬಿಂಗ್ ಕಾಂಪೌಂಡ್. ಆದರೆ ಕಾಗದಕ್ಕೆ ಹೊಸ ಚುಕ್ಕೆ ಯಾವುದು, ಹಳೆ ಬಣ್ಣ ಯಾವುದು ಎಂದು ಗೊತ್ತಾಗುವುದಿಲ್ಲ. ಸುತ್ತಲಿನ, ಏಟೇ ಬೀಳದ ಬಣ್ಣವನ್ನೂ ಅದು ತಿನ್ನುತ್ತದೆ. ಗಾಯ ಕಾಣದಿರಲು ಗಾಯವಾಗದ ಜಾಗ ಬೆಲೆ ತೆರುತ್ತದೆ. (ಮರ್ಯಾದೆಗೆ ಹೆದರಿ ಒಬ್ಬನ ತಪ್ಪನ್ನು ಮನೆಮಂದಿಯೆಲ್ಲ ನುಂಗಿಕೊಂಡು ಬದುಕುವ ಸಂಸಾರಗಳೂ ಇವೆ.)

ಇದೇ ತೊಡಕು ಚಿತ್ರಗಳ ದುರಸ್ತಿಯಲ್ಲೂ ಎದುರಾಗಿತ್ತು. 1940ರ ದಶಕದಲ್ಲಿ ರೋಮಿನಲ್ಲಿ ಚೆಸಾರೆ ಬ್ರಾಂಡಿ ಮತ್ತು ಸಂಗಡಿಗರು, ಹಳೆಯ ಚಿತ್ರದಲ್ಲಿ ಬಣ್ಣ ಉದುರಿದ ಜಾಗವನ್ನು ಸಣ್ಣ ಸಣ್ಣ ಲಂಬ ಗೆರೆಗಳಿಂದ ತುಂಬುವ ಪದ್ಧತಿ ರೂಪಿಸಿದರು. ದೂರದಿಂದ ನೋಡಿದರೆ ಚಿತ್ರ ಇಡಿಯಾಗಿ ಕಾಣುತ್ತದೆ, ಹತ್ತಿರ ಹೋದವರಿಗೆ ತುಂಬಿದ್ದು ತಿಳಿಯುತ್ತದೆ. ದುರಸ್ತಿ ಮಾಡಿದವನ ಕೈಯನ್ನು ಯಾರೂ ಕಲಾವಿದನ ಕೈಯೆಂದು ನಂಬಿ ಹೋಗಬಾರದು.

ಟ್ಯಾಂಕೇನು ಚಿತ್ರವೇ, ನಮ್ಮ ಗಾಡಿ ನಮ್ಮಿಷ್ಟ ಎನ್ನಬಹುದು. ಮಾರುವ ದಿನದವರೆಗೂ ಆ ಮಾತು ನಡೆಯುತ್ತದೆ. ಹಳೆ ಗಾಡಿ ಕೊಳ್ಳಲು ಬಂದವರು "ಒರಿಜಿನಲ್ ಪೇಂಟಾ?" ಎಂದು ಕೇಳುವುದು ಅಂದಕ್ಕಷ್ಟೇ ಅಲ್ಲ. ಗಾಡಿ ಎಲ್ಲಾದರೂ ಬಿದ್ದಿತ್ತೇ ಎಂಬುದಕ್ಕೆ ಬಣ್ಣವೇ ಸಾಕ್ಷಿ. ಕಡಲೆಬೇಳೆಯಷ್ಟು ಚುಕ್ಕೆಯನ್ನು ಹೇಳದಿದ್ದರೆ ಸುಳ್ಳಾಗುತ್ತದೆ ಎಂದು ನನಗನ್ನಿಸುವುದಿಲ್ಲ. ಆದರೆ ಅದೇ ಕೈ, ಅದೇ ಕಾಗದ, ಡಿಕ್ಕಿಯಲ್ಲಿ ಬಿದ್ದ ನೆಗ್ಗನ್ನೂ ಪುಟ್ಟಿ ತುಂಬಿ ನುಣುಪು ಮಾಡಬಲ್ಲವು. ಮುಂದಿನ ಫೋರ್ಕ್ ಸೊಟ್ಟಗಾಗಿದ್ದರೂ ಟ್ಯಾಂಕು ಫಳಫಳ ಹೊಳೆಯುತ್ತಿರುತ್ತದೆ. ಕೊಂಡವನು ಮಗಳನ್ನು ಅದರ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಹೊರಡುತ್ತಾನೆ. "ಅವರು ಕೇಳಲಿಲ್ಲ, ನಾನು ಹೇಳಲಿಲ್ಲ" ಎಂಬ ಸಮಜಾಯಿಷಿ ಇಲ್ಲಿ ನಿಲ್ಲುವುದಿಲ್ಲ. ಕಂಡದ್ದರ ಬಗ್ಗೆ ತಾನೇ ಯಾರಾದರೂ ಕೇಳುವುದು? ಉಜ್ಜಿ ನುಣುಪು ಮಾಡಿದವನು ಆ ಪ್ರಶ್ನೆಯನ್ನೇ ಅಳಿಸಿರುತ್ತಾನೆ.

ಹಾಗಾದರೆ ಗೆರೆ ಎಲ್ಲಿ? ತಗಡು ಬಾಗಿದ್ದರೆ, ಕೇಳದಿದ್ದರೂ ಹೇಳಬೇಕು. ಬಣ್ಣ ಮಾತ್ರ ಹೋಗಿದ್ದರೆ ಬೇಡ ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ. ಈಗ ಅಷ್ಟು ಖಚಿತವಿಲ್ಲ. ಹಳೆ ಜಾವಾದ ಟ್ಯಾಂಕಿನ ಮೇಲೊಂದು ಚಿನ್ನದ ಬಣ್ಣದ ಗೆರೆ ಇರುತ್ತದೆ. ಅದು ಅಳಿಸಿ, ಮೊನ್ನೆ ತಾನೇ ಮತ್ತೆ ಎಳೆಸಿದ್ದಾದರೆ ಯಾರ ಪ್ರಾಣಕ್ಕೂ ಅಪಾಯವಿಲ್ಲ. ಆದರೆ ಕೊಳ್ಳುವವನು ಹೆಚ್ಚಿನ ದುಡ್ಡು ಎಣಿಸಿ ಕೊಡುತ್ತಿರುವುದು ಆ ಗೆರೆ ಕಾರ್ಖಾನೆಯದೇ ಎಂದುಕೊಂಡು.